ಅಪ್ಪ ಕೂರದ ಸೋಫಾ

ನಿಮ್ಮ ಮನೇಲಿ ಒಂದು ‘ಲೆದರ್’ ಸೋಫಾ ಇದ್ದು, ಅದರ ಮೈಯೆಲ್ಲ ಹಪ್ಪಳದ ಹಾಗೆ ಎದ್ದು, ಕೂತು ಎದ್ದವರ ಪ್ಯಾಂಟಿಗೆ ಕಂದು ಚೂರು ಅಂಟ್ತಾ ಇದ್ರೆ, ಮೊದಲಿಗೇ ಒಂದು ಕೆಟ್ಟ ಸುದ್ದಿ ಹೇಳಿಬಿಡ್ತೀನಿ. ಅದು ಲೆದರ್ ಅಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಬಳಿದದ್ದು. ಗಾಳಿಯಲ್ಲಿರೋ ತೇವಕ್ಕೇ ಅದು ನಿಧಾನವಾಗಿ ಒಡೆದುಹೋಗುತ್ತೆ. ನೀವು ದಿನಾ ಕೂತರೂ ಅಷ್ಟೆ, ಕೂರದೆ ಬೆಡ್‌ಶೀಟ್ ಮುಚ್ಚಿಟ್ಟರೂ ಅಷ್ಟೆ. ಇನ್ನೊಂದು ಜಾತಿ ಇದೆ, ‘ಬಾಂಡೆಡ್ ಲೆದರ್’ ಅಂತ. ಚರ್ಮದ ಚೂರುಪಾರನ್ನ ಪುಡಿ ಮಾಡಿ, ಅಂಟು ಕಲಸಿ, ಹಾಳೆ ಎಳೆದು, ಮೇಲೆ ಅದೇ ಪಾಲಿಯುರೆಥೇನ್ ಹಚ್ಚಿರ್ತಾರೆ. ಬಿಲ್ಲಿನಲ್ಲಿ ಲೆದರ್ ಅನ್ನೋ ಪದ ಇರುತ್ತೆ, ಹಾಗಾಗಿ ಪೂರ್ತಿ ಸುಳ್ಳು ಅನ್ನೋಕೂ ಆಗಲ್ಲ. ಇವೆರಡಕ್ಕೂ ರಿಪೇರಿ ಅನ್ನೋದಿಲ್ಲ. ಮೇಲೆ ಬಣ್ಣ ಹಚ್ಚಿದರೆ ಬಣ್ಣದ ಸಮೇತ ಉದುರುತ್ತೆ. ಚೆಂದದ ಒಂದು ಬಟ್ಟೆ ಕವರ್ ಹೊಲಿಸಿಬಿಡಿ, ಮುಗೀತು.

ನಮ್ಮಲ್ಲಿ ಇದಕ್ಕೆಲ್ಲ ಸೇರಿಸಿ ರೆಕ್ಸಿನ್ ಅಂತೀವಿ. ರೆಕ್ಸಿನ್ ಅಂದ್ರೆ ಇಂಗ್ಲೆಂಡಿನ ಒಂದು ಕಂಪನಿ ಇಟ್ಟಿದ್ದ ಹೆಸರು, ಬಟ್ಟೆಗೆ ಲೇಪ ಕೊಟ್ಟು ಚರ್ಮದ ಹಾಗೆ ಕಾಣೋ ಥರ ಮಾಡಿದ ಮಾಲಿಗೆ. ಕಂಪನಿ ಹೋಯ್ತು, ಹೆಸರು ನಮ್ಮ ಬಸ್ಸಿನ ಸೀಟುಗಳಲ್ಲಿ, ಆಟೋಗಳಲ್ಲಿ, ಸ್ಕೂಲ್ ಬ್ಯಾಗುಗಳಲ್ಲಿ ಉಳ್ಕೊಂಡಿತು.

ನಿಜವಾದ ಚರ್ಮ ಯಾವುದು ಅಂತ ಕಂಡುಹಿಡಿಯೋಕೆ ಜನ ನೀರು ಚಿಮುಕಿಸಿ ನೋಡಿ ಅಂತಾರೆ, ಹೀರ್ಕೊಂಡ್ರೆ ಅಸಲಿ ಅಂತ. ಅದು ಅರ್ಧ ಸತ್ಯ. ಸೋಫಾಗೆ ಹಾಕೋ ಚರ್ಮಕ್ಕೆ ಬಹಳಷ್ಟು ಸಲ ಬಣ್ಣದ ಪದರ, ಅದರ ಮೇಲೆ ಇನ್ನೊಂದು ರಕ್ಷಣೆಯ ಪದರ ಇರುತ್ತೆ. ಅಸಲಿಯಾದ್ರೂ ನೀರು ಹೀರಲ್ಲ. ಲೈಟರ್ ಹಿಡಿದು ನೋಡಿ ಅನ್ನೋ ಮಹಾನುಭಾವರೂ ಇದ್ದಾರೆ, ಶೋರೂಮಿನಲ್ಲಿ ದಯವಿಟ್ಟು ಬೇಡ. ಸುಲಭದ ದಾರಿ ಅಂದ್ರೆ, ಕುಶನ್ನಿನ ಜಿಪ್ ತೆಗೆದು ಒಳಗೆ ಕೈ ಹಾಕಿ. ಹಿಂಬದಿ ಹೆಣೆದ ಬಟ್ಟೆ ಸಿಕ್ಕಿದ್ರೆ ರೆಕ್ಸಿನ್. ನಾಯಿಮರಿಯ ಕಿವಿ ಮುಟ್ಟಿದ ಹಾಗೆ ನುಣ್ಣನೆ ಎಳೆ ಎಳೆ ಸಿಕ್ಕಿದ್ರೆ ತೊಗಲು. ಇನ್ನೊಂದು ವಿಷಯ, ಕೂರೋ ಜಾಗ, ಒರಗೋ ಜಾಗಕ್ಕೆ ಮಾತ್ರ ತೊಗಲು ಹಾಕಿ, ಹಿಂದೆ, ಪಕ್ಕದಲ್ಲಿ ಅದೇ ಬಣ್ಣದ ರೆಕ್ಸಿನ್ ಹಾಕೋದು ಮಾಮೂಲು. ಎರಡೂ ಕಡೆ ನೋಡಿ.

ನಾನು ಇದ್ಯಾವುದನ್ನೂ ಮಾಡಲ್ಲ. ನನಗೆ ಮೂಗು ಸಾಕು.

ನಮ್ಮೂರು ಬೆಳಗಾವಿ ಜಿಲ್ಲೆಯ ಅಥಣಿ. ನಾವು ಸಮಗಾರರು. ನೀವೆಲ್ಲ ಕೊಲ್ಹಾಪುರಿ ಅಂತ ಕರೆಯೋ ಚಪ್ಪಲಿ ಬರೀ ಕೊಲ್ಹಾಪುರದ್ದಲ್ಲ. ಅಥಣಿ, ನಿಪ್ಪಾಣಿ ಕಡೆಯ ಸಾವಿರಾರು ಕೈಗಳು ಅದರಲ್ಲಿವೆ. 2019ರಲ್ಲಿ ಅದಕ್ಕೆ ಜಿಐ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದು ಸುಮ್ಮನೆ ಅಲ್ಲ. ನಮ್ಮಪ್ಪ ನಲವತ್ತು ವರ್ಷ ಅದನ್ನೇ ಮಾಡಿದ್ದು. ಅವ್ವ ಜಡೆ ಹೆಣೆಯೋಳು, ಅಂದ್ರೆ ಚಪ್ಪಲಿಯ ಪಟ್ಟಿ ಮೇಲೆ ಬರೋ ಸಣ್ಣ ತೊಗಲಿನ ಜಡೆ. ಒಂದು ಮೊಳೆ ಇರ್ತಿರಲಿಲ್ಲ ಅದರಲ್ಲಿ, ತೊಗಲಿನ ದಾರದಲ್ಲೇ ತೊಗಲನ್ನ ಹೊಲಿಯೋದು. ಮನೆಯ ಒಳಗೆ, ಹೊರಗೆ, ನಮ್ಮ ಪುಸ್ತಕದಲ್ಲಿ, ರೊಟ್ಟಿಯಲ್ಲಿ, ಎಲ್ಲ ಕಡೆ ಅದೇ ವಾಸನೆ. ಆ ವಾಸನೆಯಿಂದ ಹೊರಗೆ ಹೋಗು ಅಂತ ನನ್ನನ್ನ ಓದಿಸಿದ ಅಪ್ಪ, ಒಂದು ದಿನವೂ ನನ್ನ ಕೈಗೆ ರಂಪಿಗೆ ಕೊಡಲಿಲ್ಲ. ರಂಪಿಗೆ ಅಂದ್ರೆ ತೊಗಲು ಕೊಯ್ಯೋ ಅಗಲ ಬಾಯಿಯ ಉಳಿ, ನಮ್ಮ ಕಡೆ ರಾಪಿ ಅಂತೀವಿ. ನಾನು ಮುಟ್ಟಿದರೆ ಕೈ ಮೇಲೆ ಏಟು ಬೀಳ್ತಿತ್ತು. ‘ಪೆನ್ನ ಹಿಡಿ, ಪೆನ್ನ’ ಅನ್ನೋನು. ಹಿಡಿದೆ. ಪೆನ್ನೂ ಹೋಯ್ತು, ಈಗ ಕೀಬೋರ್ಡು. ಬೆಂಗಳೂರಿಗೆ ಬಂದು 18 ವರ್ಷ ಆಯ್ತು. ನನ್ನ ಭಾಷೆ ಏನಾಗಿದೆ ಅಂತ ನೀವೇ ಓದ್ತಾ ಇದ್ದೀರಲ್ಲ.

ಸೋಫಾ ವಿಷಯಕ್ಕೆ ಬರ್ತೀನಿ. ಕೆಳಗಿನ ಮಹಡಿಯವರು ವಿದೇಶಕ್ಕೆ ಹೊರಟಾಗ ಮನೆ ಸಾಮಾನೆಲ್ಲ ಮಾರಿದ್ರು. ಮೂರು ಜನ ಕೂರೋ ಕಂದು ಬಣ್ಣದ ಸೋಫಾ, 14,000 ರೂಪಾಯಿ. ನೋಡೋಕೆ ದರಿದ್ರವಾಗಿತ್ತು. ಬಲಗಡೆ ಕೈ ಇಡೋ ಜಾಗದಲ್ಲಿ ಬಣ್ಣ ಹೋಗಿ ಬೂದು ಬೂದು. ತಲೆ ಒರಗೋ ಜಾಗದಲ್ಲಿ ಎಣ್ಣೆಯ ಎರಡು ಕಪ್ಪು ಮಚ್ಚೆ. ನಡುವಿನ ಸೀಟಿನಲ್ಲಿ ಗೇಣುದ್ದ ಹರಿದು ಸ್ಪಂಜು ಇಣುಕ್ತಿತ್ತು. ನನ್ನ ಹೆಂಡತಿ ಮುಖ ಸಿಂಡರಿಸಿದಳು. ನಾನು ಬಗ್ಗಿ ಮೂಸಿದೆ. ಅಷ್ಟೆ, ದುಡ್ಡು ಕೊಟ್ಟೆ. ರಿಪೇರಿಯ ಅಂಗಡಿಯೊಂದರಿಂದ ಬಂದ ಹುಡುಗ ಒಂದು ನಿಮಿಷ ನೋಡಿ, ‘ಸಾರ್, ಇದನ್ನ ಕಿತ್ತು ಹಾಕಿ ಹೊಸ ರೆಕ್ಸಿನ್ ಹಾಕಿಕೊಡ್ತೀವಿ, 38,000’ ಅಂದ. ಅಸಲಿ ತೊಗಲು ಕಿತ್ತು ರೆಕ್ಸಿನ್ ಹಾಕೋದಕ್ಕೆ ಸೋಫಾದ ಎರಡೂವರೆ ಪಟ್ಟು ದುಡ್ಡು! ಅವನಿಗೆ ಕಾಫಿ ಕೊಟ್ಟು ಕಳಿಸಿದ್ವಿ.

ಶುರು ಮಾಡಬೇಕಾದ್ದು ತೊಳೆಯೋದರಿಂದ. ಇಲ್ಲೇ ಬಹಳ ಜನ ಸೋಫಾ ಕೊಲ್ಲೋದು. ತೊಗಲು ಸ್ವಭಾವದಲ್ಲಿ ಸ್ವಲ್ಪ ಆಮ್ಲೀಯ. ಸೋಪು, ಪಾತ್ರೆ ತೊಳೆಯೋ ಪುಡಿ, ಅಡಿಗೆ ಸೋಡಾ ಇವೆಲ್ಲ ಕ್ಷಾರ. ದಿನಾ ಸೋಪಿನ ನೀರಲ್ಲಿ ಒರೆಸ್ತಾ ಹೋದ್ರೆ ಮೇಲಿನ ಪದರ ಸವೆದು, ಒಳಗಿನ ಎಣ್ಣೆಯಂಶ ಹೋಗಿ, ತೊಗಲು ಗಡುಸಾಗಿ ಬಿರಿಯುತ್ತೆ. ಗಾಜು ಒರೆಸೋ ನೀಲಿ ದ್ರಾವಣ, ಮಕ್ಕಳ ವೈಪ್ಸ್, ಇವೂ ಬೇಡ. ಕೊಬ್ಬರಿ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸೋ ಸಲಹೆ ಕೊಡೋರನ್ನಂತೂ ಮನೆ ಒಳಗೇ ಬಿಡಬೇಡಿ. ಎಣ್ಣೆ ಒಳಗೆ ಇಳಿದು ಮಚ್ಚೆ ಕಟ್ಟುತ್ತೆ, ಮೇಲೆ ಧೂಳು ಹಿಡಿಯುತ್ತೆ. ಶೂ ಪಾಲಿಶ್ ಹಚ್ಚಿದ್ರೆ ನೆಂಟರು ಬಿಳಿ ಪಂಚೆಯಲ್ಲಿ ಬಂದು ಕಂದು ಪಂಚೆಯಲ್ಲಿ ಹೋಗ್ತಾರೆ. ತೊಗಲಿಗೆ ಅಂತಲೇ ಮಾಡಿದ ಕ್ಲೀನರ್ ಸಿಗುತ್ತೆ. ಅದನ್ನ ಸೋಫಾ ಮೇಲೆ ಸುರಿಯದೆ ಸ್ಪಂಜಿಗೆ ಹಾಕಿ, ನೊರೆ ಮಾಡಿ, ಮೆತ್ತಗಿನ ಬ್ರಷ್ಷಿನಲ್ಲಿ ಒಂದೊಂದು ಅಡಿ ಜಾಗ ಉಜ್ಜಿ, ಒದ್ದೆ ಬಟ್ಟೆಯಲ್ಲಿ ತೆಗೀಬೇಕು. ಏನೇ ಹಚ್ಚೋ ಮೊದಲು ಹಿಂಭಾಗದ ಮೂಲೆಯಲ್ಲಿ ಒಂದು ಚೂರು ಹಚ್ಚಿ ನೋಡಿ. ಮೂರು ಬಕೆಟ್ ನೀರು ಹೋಯ್ತು ನನಗೆ, ಮೂರೂ ಟೀ ಬಣ್ಣ.

ಎಣ್ಣೆ ಮಚ್ಚೆ ಬೇರೆಯದೇ ಕಥೆ. ನಾವು ತಲೆಗೆ ಎಣ್ಣೆ ಹಾಕೋ ಜನ, ಒರಗಿ ಟೀವಿ ನೋಡೋ ಜನ. ಎಣ್ಣೆ, ಬೆವರು ಸೇರಿ ಮೇಲಿನ ಬಣ್ಣದ ಪದರವನ್ನ ಮೆತ್ತಗೆ ಮಾಡಿಬಿಡುತ್ತೆ, ಮುಟ್ಟಿದರೆ ಅಂಟಂಟು. ಇದು ನಮ್ಮದೊಂದೇ ಸಮಸ್ಯೆ ಅಂದ್ಕೋಬೇಡಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರು ಮಕಾಸರ್ ಅನ್ನೋ ಎಣ್ಣೆ ಹಚ್ಕೊಂಡು ಕುರ್ಚಿ ಹಾಳು ಮಾಡ್ತಿದ್ರು ಅಂತ, ಕುರ್ಚಿಯ ಬೆನ್ನಿಗೆ ಹಾಕೋ ಬಟ್ಟೆಗೆ ‘ಆಂಟಿಮಕಾಸರ್’ ಅಂತಲೇ ಹೆಸರಾಯ್ತು. ನಮ್ಮ ರೈಲಿನ, ಬಸ್ಸಿನ ಸೀಟುಗಳ ತಲೆ ಮೇಲಿರೋ ಬಿಳಿ ಬಟ್ಟೆ ಅದರ ಮೊಮ್ಮಗ. ನಾನು ಮೊದಲು ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯೆಲ್ಲ ಬಿಟ್ಟೆ, ಅದು ಎಣ್ಣೆ ಎಳ್ಕೊಳ್ಳುತ್ತೆ. ಬೆಳಿಗ್ಗೆ ಕೊಡವಿ, ಆಮೇಲೆ ಜಿಡ್ಡು ತೆಗೆಯೋ ದ್ರಾವಣ. ಎರಡು ಸಲ. ಪೂರ್ತಿ ಹೋಗಲ್ಲ. ಆದರೆ ಹೊಸ ಬಣ್ಣ ಹಿಡಿಯೋವಷ್ಟು ಒಣಗುತ್ತೆ. ಜಿಡ್ಡಿನ ಮೇಲೆ ಬಣ್ಣ ನಿಲ್ಲಲ್ಲ, ಇದೊಂದು ನೆನಪಿಟ್ಕೊಳ್ಳಿ.

ಇಷ್ಟಾಗೋ ಹೊತ್ತಿಗೆ ಅಥಣಿಯಿಂದ ಅಪ್ಪ ಬಂದ. ಕಣ್ಣಿನ ಆಪರೇಷನ್‌ಗೆ ಅಂತ ಬಂದಿದ್ದು, ತಿಂಗಳು ಇರಬೇಕಿತ್ತು. (ನಮ್ಮ ಕಡೆ ಅಪ್ಪನಿಗೆ ಏಕವಚನ. ಬೆಂಗಳೂರಿನ ಓದುಗರು ಬೇಜಾರು ಮಾಡ್ಕೋಬಾರದು, ಅದು ನಮ್ಮ ಗೌರವ.) ಹಾಲ್‌ನಲ್ಲಿ ಸೋಫಾ ನೋಡಿದ. ಹತ್ತಿರ ಹೋಗಿ ಹರಿದ ಅಂಚನ್ನ ಎರಡು ಬೆರಳಲ್ಲಿ ಮಡಚಿ ಬೆಳಕಿಗೆ ಹಿಡಿದ. ಒಳಗಡೆ ತಿಳಿ ನೀಲಿ. ‘ನೀಲಿ ತೊಗಲ’ ಅಂದ, ಅಷ್ಟೆ. ಹೋಗಿ ಬಾಲ್ಕನಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ತಂದು ಅದರಲ್ಲಿ ಕೂತ.

ನೀಲಿ ಅಂದ್ರೆ ಕ್ರೋಮಿಯಂ. ಇವತ್ತು ಜಗತ್ತಿನ ಬಹುಪಾಲು ತೊಗಲು ಹದವಾಗೋದು ಕ್ರೋಮಿಯಂ ಉಪ್ಪಿನಲ್ಲಿ. ಒಂದೆರಡು ದಿನದ ಕೆಲಸ, ಮೆತ್ತಗಿರುತ್ತೆ, ನೀರಿಗೆ ಅಷ್ಟು ಹೆದರಲ್ಲ. ಹದವಾಗಿ ಹೊರಗೆ ಬರುವಾಗ ಅದರ ಬಣ್ಣ ನೀಲಿ, ಹಾಗಾಗಿ ವ್ಯಾಪಾರದಲ್ಲಿ ‘ವೆಟ್ ಬ್ಲೂ’ ಅಂತಲೇ ಹೆಸರು. ಅಪ್ಪ ಕಂಡ ತೊಗಲು ಬೇರೆ. ಅದನ್ನ ಹದ ಮಾಡ್ತಿದ್ದವರು ಡೋಹರರು, ಹೊಲೀತಿದ್ದವರು ನಾವು. ಹಸಿ ತೊಗಲನ್ನ ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ಆಮೇಲೆ ಅದನ್ನೇ ಒಂದು ಚೀಲದ ಹಾಗೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿ, ನೀರು ತುಂಬಿ ತೂಗುಹಾಕೋರು. ಮರದ ಒಗರು ನಿಧಾನವಾಗಿ ತೊಗಲಿನೊಳಗೆ ಇಳೀತಾ ಇರೋದು. ಹನಿ ಹನಿ ತೊಟ್ಟಿಕ್ಕಿದ್ದನ್ನ ಹಿಡಿದು ಮತ್ತೆ ಮೇಲಿಂದ ಹಾಕೋರು. ಸಾಲಾಗಿ ನೇತಾಡ್ತಿದ್ದ ಆ ತೊಗಲಚೀಲಗಳು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ. ಕತ್ತಲಲ್ಲಿ ನೋಡಿದ್ರೆ ಯಾರೋ ನಿಂತ ಹಾಗೆ. ಆ ತೊಗಲು ಕೊಯ್ದರೆ ಒಳಗೂ ಬೆಲ್ಲದ ಬಣ್ಣ.

ಮೂರು ದಿನ ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತು ನಾನು ಉಜ್ಜೋದನ್ನ ನೋಡಿದ. ಸೋಫಾದ ಎಡಭಾಗ ಗಟ್ಟಿಮುಟ್ಟಾಗೇ ಇತ್ತು. ‘ಇಲ್ಲಿ ಕುಂದ್ರಪಾ’ ಅಂದೆ. ‘ಇರಲಿ’ ಅಂದ. ನನ್ನ ಮಗಳು ಕೈ ಹಿಡಿದು ಎಳೆದಳು. ‘ಅಜ್ಜಾ ಯಾಕೆ ಕೂರಲ್ಲ?’ ಅಂತ ಕೇಳಿದಳು. ‘ನಾವು ಮಾಡಿದ್ದನ್ನ ಮಂದಿ ಕಾಲಿಗೆ ಹಾಕ್ಕೋತಾರವ್ವಾ, ಕುಂಡಿ ಕೆಳಗೂ ಹಾಕ್ಕೋತಾರ. ಮಾಡಿದಾಂವಗ ಅದು ಆಗಿ ಬರೂದಿಲ್ಲ’ ಅಂತ ನಕ್ಕ. ಅವಳಿಗೆ ಕುಂಡಿ ಅನ್ನೋ ಪದ ಕೇಳಿಯೇ ಖುಷಿಯಾಗಿ ಉಳಿದದ್ದು ತಲೆಗೆ ಹೋಗಲಿಲ್ಲ.

ನನಗೆ ಹೋಯ್ತು. ನಾನು ಸಣ್ಣವನಿದ್ದಾಗ ಅಪ್ಪನ ಜೊತೆ ಒಂದು ದೊಡ್ಡ ಮನೆಗೆ ಚಪ್ಪಲಿ ಕೊಡೋಕೆ ಹೋಗ್ತಿದ್ದೆ. ಅಳತೆ ತಗೋಳ್ಳೋವಾಗ ಅಪ್ಪ ಯಜಮಾನರ ಪಾದವನ್ನ ಕೈಯಲ್ಲಿ ಹಿಡೀತಿದ್ದ, ಹಾಳೆ ಮೇಲೆ ಇಟ್ಟು ಸುತ್ತ ಪೆನ್ಸಿಲ್ ಎಳೀತಿದ್ದ. ಅದಕ್ಕೆ ಅಡ್ಡಿ ಇರಲಿಲ್ಲ. ಆದರೆ ಚಪ್ಪಲಿ ತಂದು ಕಟ್ಟೆಯ ಕೆಳಗೆ ಇಡಬೇಕು, ಹಿಂದೆ ಸರಿದು ನಿಲ್ಲಬೇಕು, ಆಮೇಲೆ ದುಡ್ಡು ಮೇಲಿಂದ ಬೀಳೋದು. ಬಿದ್ದ ಪಾವಲಿ ಉರುಳಿ ಗಟಾರದ ಕಡೆ ಹೋದ್ರೆ ಹಿಡ್ಕೊಂಡು ಬರೋದು ನನ್ನ ಕೆಲಸ. ನಾನದನ್ನ ಆಟ ಅಂದ್ಕೊಂಡಿದ್ದೆ. ಮುಂದೆ ಕಾಲೇಜಿನಲ್ಲಿ ಓದುವಾಗ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಅವರ ದೇವರ ಕೋಣೆಯಲ್ಲಿ ಜಪಕ್ಕೆ ಕೂರೋಕೆ ಜಿಂಕೆಯ ತೊಗಲು ಹಾಸಿತ್ತು, ಮೂಲೆಯಲ್ಲಿ ಮೃದಂಗ ಇತ್ತು. ಜಿಂಕೆಯದು ಮಡಿ, ಎಮ್ಮೆಯದು ಮೈಲಿಗೆ, ಬಡಿದರೆ ನಾದ. ಹೊಲಿದವನು ಮಾತ್ರ ಹೊರಗೆ. ಬಸವಣ್ಣನವರ ಕಾಲದಲ್ಲಿ ಹರಳಯ್ಯ, ಡೋಹರ ಕಕ್ಕಯ್ಯ ಅನುಭವ ಮಂಟಪದಲ್ಲಿ ಸಮಕ್ಕೆ ಕೂತಿದ್ರು ಅಂತ ನಮ್ಮ ಮನೆಯ ಕ್ಯಾಲೆಂಡರ್ ಹೇಳ್ತಿತ್ತು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನ ಕೊಟ್ಟ ಮೇಲೆ ಕಲ್ಯಾಣದಲ್ಲಿ ಏನಾಯ್ತು ಅನ್ನೋದನ್ನ ಕ್ಯಾಲೆಂಡರಿನಲ್ಲಿ ಹಾಕಲ್ಲ.

ಸರಿ, ಹರಿದ ಸೀಟು. ಇದಕ್ಕೆ ಮೇಲಿಂದ ತೇಪೆ ಹಾಕಿದ್ರೆ ಟ್ಯೂಬಿಗೆ ಪಂಕ್ಚರ್ ಹಾಕಿದ ಹಾಗೆ ಕಾಣುತ್ತೆ. ತೇಪೆ ಒಳಗಿಂದ ಹಾಕಬೇಕು. ಹರುಕಿಗಿಂತ ಎಲ್ಲ ಕಡೆ ಒಂದು ಇಂಚು ದೊಡ್ಡದಾಗಿ ಗಟ್ಟಿ ಬಟ್ಟೆ ಕತ್ತರಿಸಿ, ಮೂಲೆಗಳನ್ನ ದುಂಡಗೆ ಮಾಡಿ, ಚಿಮಟದಲ್ಲಿ ಹರುಕಿನ ಒಳಗೆ ತೂರಿಸಿ, ಸ್ಪಂಜಿನ ಮೇಲೆ ಸಪಾಟಾಗಿ ಹರಡಬೇಕು. ಆಮೇಲೆ ಬಾಗೋ ಗುಣದ ಅಂಟನ್ನ ತೊಗಲಿನ ಒಳಮೈಗೆ ಹಚ್ಚಿ, ಎರಡೂ ಅಂಚನ್ನ ಎಳೆಯದೆ ಹತ್ತಿರ ತಂದು ಒತ್ತಿ ತೂಕ ಇಡೋದು. ಕ್ಷಣದಲ್ಲಿ ಹಿಡಿಯೋ ಅಂಟು ಇದಕ್ಕೆ ಆಗಲ್ಲ. ಅದು ಒಣಗಿ ಗಾಜಿನಂತಾಗುತ್ತೆ, ಕೂತ ತಕ್ಷಣ ಪಟ್ ಅಂತ ಬಿಡುತ್ತೆ, ಇಲ್ಲಾಂದ್ರೆ ಪಕ್ಕದ ತೊಗಲನ್ನೇ ಹರಿಯುತ್ತೆ.

ನಾನು ಹಳೇ ಜೀನ್ಸ್ ಪ್ಯಾಂಟಿನ ತುಂಡು ಕತ್ತರಿಸ್ತಾ ಇದ್ದೆ. ಪ್ಲಾಸ್ಟಿಕ್ ಕುರ್ಚಿ ಕಿರ್ ಅಂತು.

‘ಅದೇನ್ ಬಟ್ಟಿ?’

‘ತೇಪಿ ಹಾಕಾಕ.’

‘ತೊಗಲಿಗೆ ತೊಗಲ ಹಾಕಬೇಕು. ಬಟ್ಟಿ ಒಂದ್ ದಿಕ್ಕಿಗೆ ಎಳೀತೈತಿ, ತೊಗಲ ಒಂದ್ ದಿಕ್ಕಿಗೆ ಎಳೀತೈತಿ. ಗಂಡ ಹೆಂಡ್ತಿ ಜಗಳ ಆಗ್ತೈತಿ ಅದು.’

‘ತೊಗಲ ಎಲ್ಲಿಂದ ತರ್ಲೆಪಾ ಈಗ?’

ಅಪ್ಪ ಎದ್ದ. ಕಣ್ಣಿಗೆ ಆಪರೇಷನ್ ಆದವರ ಕಪ್ಪು ಕನ್ನಡಕ ಹಾಕ್ಕೊಂಡೇ, ‘ಇದನ್ನ ಮಕಾಡಿ ಮಾಡು’ ಅಂದ. ಡಾಕ್ಟರು ಬಗ್ಗಬೇಡಿ ಅಂದಿದ್ರು, ಹಾಗಾಗಿ ಅವನು ನಿಂತ ಕಡೆಯಿಂದಲೇ ಕೈ ತೋರಿಸ್ತಾ ಹೋದ, ನಾನು ಮಾಡ್ತಾ ಹೋದೆ. ಸೋಫಾ ಬೋರಲು ಹಾಕಿ, ತಳದ ಕಪ್ಪು ಬಟ್ಟೆಯ ಸ್ಟೇಪಲ್ ಎಬ್ಬಿಸಿದರೆ, ಕಟ್ಟಿಗೆಯ ಚೌಕಟ್ಟಿಗೆ ಮಡಚಿ ಹೊಡೆದ ತೊಗಲಿನ ಅಂಚು. ಒಂದು ಕಡೆ ನಾಲ್ಕು ಬೆರಳಷ್ಟು ಹೆಚ್ಚುವರಿ ಬಿಟ್ಟಿದ್ರು! ಅದೇ ತೊಗಲು, ಅದೇ ಬಣ್ಣ, ಬಿಸಿಲು ಕಾಣದೆ ಹೊಸದರ ಹಾಗೇ ಇತ್ತು. ಸೋಫಾ ರಿಪೇರಿಯ ಎಷ್ಟೋ ವಿಡಿಯೋ ನೋಡಿದ್ದೆ, ಒಬ್ಬನೂ ಇದನ್ನ ಹೇಳಿರಲಿಲ್ಲ. ‘ಹೊಲಿಯಾಂವ ಯಾವಾಗ್ಲೂ ಸ್ವಲ್ಪ ಬಿಟ್ಟಿರ್ತಾನ’ ಅಂದ ಅಪ್ಪ.

ಕೊಯ್ದ ತುಂಡನ್ನ ಅಪ್ಪನ ಕೈಗೆ ಕೊಟ್ಟೆ. ಎರಡು ಹೆಬ್ಬೆರಳಲ್ಲಿ ಉದ್ದಕ್ಕೆ ಎಳೆದ, ಅಡ್ಡಕ್ಕೆ ಎಳೆದ. ಪ್ರಾಣಿಯ ಬೆನ್ನುಮೂಳೆಯ ಗುಂಟ ತೊಗಲು ಕಡಿಮೆ ಹಿಗ್ಗುತ್ತೆ, ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತೆ. ಬೆನ್ನಿನ ತೊಗಲು ಬಿಗಿ, ಹೊಟ್ಟೆಯದು ಸಡಿಲು. ತೇಪೆಯನ್ನೂ ಅದೇ ದಿಕ್ಕಿಗೆ ಕೂರಿಸಬೇಕು. ಆಮೇಲೆ ಸೀಟಿನ ಹರುಕಿನ ಹತ್ತಿರ ಬೆರಳು ಇಟ್ಟು ಒತ್ತಿ ನೋಡಿದ. ‘ಹೊಟ್ಟಿ ತೊಗಲ ಕುಂದ್ರೂ ಜಾಗಾದಾಗ ಹಾಕ್ಯಾರ, ಕಳ್ಳ ನನ್ ಮಕ್ಕಳು. ಬೆನ್ನಿಂದು ಎಲ್ಲಿ ಹಾಕ್ಯಾರ? ಹಿಂದ, ಮಂದಿಗೆ ಕಾಣೂ ಜಾಗಾದಾಗ.’ ಹತ್ತು ವರ್ಷ ಹಿಂದೆ ಯಾವುದೋ ದೇಶದ ಯಾವುದೋ ಕಾರ್ಖಾನೆಯಲ್ಲಿ ಆದ ಕಳ್ಳತನ, ಎಂಟನೇ ಮಹಡಿಯಲ್ಲಿ ಸಿಕ್ಕಿಬಿತ್ತು.

ತೇಪೆಯ ಅಂಚು ಕೆತ್ತಬೇಕಿತ್ತು. ಅಂದ್ರೆ ಅಂಚಿನ ಕಡೆ ತೊಗಲನ್ನ ಒಳಗಿಂದ ಹೆರೆದು ಹೆರೆದು ಹಾಳೆಯಷ್ಟು ತೆಳ್ಳಗೆ ಮಾಡೋದು. ಇಲ್ಲಾಂದ್ರೆ ಸೀಟಿನ ಮೇಲೆ ಅದರ ಗೆರೆ ಎದ್ದು ಕಾಣುತ್ತೆ. ನನ್ನ ಹತ್ರ ಇದ್ದದ್ದು ಪೇಪರ್ ಕತ್ತರಿಸೋ ಬ್ಲೇಡು. ಅಪ್ಪ ಒಳಗೆ ಹೋಗಿ ತನ್ನ ಬ್ಯಾಗಿನ ತಳದಿಂದ ಪಂಚೆ ಸುತ್ತಿದ ಒಂದು ಗಂಟು ತಂದ. ರಂಪಿಗೆ. ಕೆಲಸ ಬಿಟ್ಟು ಒಂಬತ್ತು ವರ್ಷ ಆಗಿತ್ತು. ಕಣ್ಣಿನ ಆಪರೇಷನ್‌ಗೆ ಬರೋ ಮನುಷ್ಯ ಬ್ಯಾಗಲ್ಲಿ ಇದನ್ನ ಯಾಕೆ ತಂದ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಿಡಿಕೆ ಅವನ ಅಂಗೈಯ ಆಕಾರಕ್ಕೇ ಸವೆದುಹೋಗಿತ್ತು. ಅದನ್ನ ನನ್ನ ಕಡೆ ಚಾಚಿದ. ‘ಕಣ್ಣು ಮಂಜು ಐತಿ. ನೀನ ಕೆತ್ತು. ನಿನ್ನ ಕಡಿಂದ ದೂರ ತಳ್ಳು, ಹೆಬ್ಬಟ್ಟು ಅಡ್ಡ ಇಡಬ್ಯಾಡ.’

ನನಗೆ ನಲವತ್ತೊಂದು ವಯಸ್ಸು. ಹಿಡಿದೆ. ಬೆಣ್ಣೆ ಕೊಯ್ದ ಹಾಗೆ ಹೋಯ್ತು ಅಂತೆಲ್ಲ ಬರೆದರೆ ಸುಳ್ಳಾಗುತ್ತೆ. ಒಂದು ತೇಪೆಗೆ ಮುಕ್ಕಾಲು ಗಂಟೆ ಹಿಡೀತು. ಅಪ್ಪ ಪಕ್ಕದಲ್ಲಿ ನಿಂತು ಒಮ್ಮೊಮ್ಮೆ ಅಂಚನ್ನ ಬೆರಳಲ್ಲಿ ಸವರಿ ‘ಇಲ್ಲೆ ಇನ್ನಾ ದಪ್ಪ ಐತಿ’ ಅನ್ನೋನು. ಬೈಯಲಿಲ್ಲ.

ಅಂಟು ಒಣಗೋಕೆ ಒಂದು ರಾತ್ರಿ. ಮಾರನೇ ದಿನ ಗೆರೆ ಇದ್ದ ಕಡೆ ಮೆತ್ತಗಿನ ಫಿಲ್ಲರ್, ತೆಳುವಾಗಿ, ಒಣಗಿದ ಮೇಲೆ ಮತ್ತೆ ತೆಳುವಾಗಿ. ದಪ್ಪಗೆ ಒಂದೇ ಸಲ ತುಂಬಿದ್ರೆ ಬಿರಿಯುತ್ತೆ. ನಾಲ್ಕು ಸಲದ ನಂತರ 1000 ನಂಬರಿನ ಉಪ್ಪುಕಾಗದದಲ್ಲಿ ಮೆಲ್ಲಗೆ ತಿಕ್ಕೋದು, ಕೈ ಆಡಿಸಿದ್ರೆ ಗೊತ್ತಾಗಬಾರದು ಅಷ್ಟು. ಬಣ್ಣಕ್ಕೆ ನೀರಿನಲ್ಲಿ ಬೆರೆಯೋ ಪಿಗ್ಮೆಂಟ್ ತರಿಸಿದ್ದೆ. ಕಂದು ಅನ್ನೋದು ಒಂದು ಬಣ್ಣ ಅಲ್ಲ ಅಂತ ಅವತ್ತು ತಿಳೀತು. ಕೆಂಪು ಬೇಕು, ಹಳದಿ ಬೇಕು, ಕಪ್ಪು ಒಂದು ಹನಿ ಬೇಕು. ಹಸಿ ಇದ್ದಾಗ ಒಂಥರಾ, ಒಣಗಿದ ಮೇಲೆ ಇನ್ನಷ್ಟು ಗಾಢ. ಹಾಗಾಗಿ ಒಂದು ಚುಕ್ಕಿ ಇಟ್ಟು, ಹೇರ್ ಡ್ರೈಯರ್ ಹಿಡಿದು, ಒಣಗಿಸಿ ನೋಡಿಯೇ ಮುಂದಿನ ಹನಿ ಹಾಕಬೇಕು. ಹೋಲಿಸೋದು ಹಗಲು ಬೆಳಕಲ್ಲಿ, ಟ್ಯೂಬ್‌ಲೈಟ್ ಕೆಳಗಲ್ಲ. ಸ್ಪಂಜಿನಲ್ಲಿ ತಟ್ಟಿ ತಟ್ಟಿ ಐದು ತೆಳು ಪದರ ಹಚ್ಚಿ, ಕೊನೆಗೆ ರಕ್ಷಣೆಯ ಪಾರದರ್ಶಕ ಪದರ; ಮಿಂಚು ಇಲ್ಲದ್ದು. ಹೆಚ್ಚು ಮಿಂಚಿದ್ರೆ ಅಸಲಿ ತೊಗಲೂ ರೆಕ್ಸಿನ್ ಥರ ಕಾಣುತ್ತೆ! ಸಾಮಾನಿನ ಖರ್ಚೆಲ್ಲ ಸೇರಿ 3,400 ರೂಪಾಯಿ ಆಯ್ತು.

ಇಷ್ಟೂ ದಿನ ಬಾಗಿಲು ತೆರೆದೇ ಇರ್ತಿತ್ತು, ಬಣ್ಣದ ವಾಸನೆಗೆ. ಎದುರು ಫ್ಲ್ಯಾಟಿನವರು, ರಿಟೈರ್ ಆದವರು, ವಾಕಿಂಗ್ ಮುಗಿಸಿ ಬರುವಾಗ ದಿನಾ ಒಂದು ನಿಮಿಷ ನಿಂತು ನೋಡೋರು. ಮುಗಿದ ದಿನ ಒಳಗೇ ಬಂದ್ರು. ಹರಿದ ಜಾಗ ಹುಡುಕಿದ್ರು, ಸಿಗಲಿಲ್ಲ. ‘ಅಲ್ರೀ, ಸಾಫ್ಟ್‌ವೇರ್‌ನವರು ನೀವು, ಇದೆಲ್ಲ ಎಲ್ಲಿ ಕಲಿತ್ರಿ?’

ನಾನು ಬಾಯಿ ತೆಗೆಯೋ ಮೊದಲೇ ಪ್ಲಾಸ್ಟಿಕ್ ಕುರ್ಚಿಯಿಂದ ಅಪ್ಪ ಹೇಳಿದ, ‘ಯೂಟ್ಯೂಬಿನ್ಯಾಗ ನೋಡಿ ಕಲ್ತಾನ್ರಿ. ಈಗಿನ ಹುಡುಗರು ಭಾಳ ಶ್ಯಾಣ್ಯಾ.’

ಯೂಟ್ಯೂಬ್ ತೆರೆಯೋಕೆ ಬರದ ಮನುಷ್ಯ. ರಂಪಿಗೆ ಅವನ ತೊಡೆಯ ಕೆಳಗೆ ಹೋಗಿತ್ತು, ಪಂಚೆಯ ತುದಿ ಅದರ ಮೇಲೆ ಎಳ್ಕೊಂಡಿದ್ದ. ನನ್ನ ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದ್ದಳು.

‘ಇಲ್ಲ ಸಾರ್, ಇವನೇ ಹೇಳಿಕೊಟ್ಟಿದ್ದು’ ಅಂದೆ. ‘ನಮ್ಮಪ್ಪ ಚಪ್ಪಲಿ ಹೊಲಿಯೋನು. ನಾವು ಸಮಗಾರರು.’

ಅವರು ‘ಓ’ ಅಂದ್ರು. ಆಮೇಲೆ ‘ಹೌದಾ’ ಅಂದ್ರು. ಒಂದು ಹೆಜ್ಜೆ ಹಿಂದೆ ಹೋದ್ರೋ, ನನಗೆ ಹಾಗೆ ಅನ್ನಿಸ್ತೋ ಗೊತ್ತಿಲ್ಲ. ‘ಬಹಳ ಒಳ್ಳೆ ಕಲೆ, ಇಂಥದ್ದನ್ನೆಲ್ಲ ಉಳಿಸಬೇಕು’ ಅಂತ ಹೇಳಿ ಹೋದ್ರು. ಈ ಮಾತನ್ನ ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೀನಿ. ಉಳಿಸಬೇಕು ಅನ್ನೋರು ಯಾರೂ ತಮ್ಮ ಮಗನ್ನ ಕಲಿಯೋಕೆ ಕಳಿಸ್ತೀನಿ ಅಂದದ್ದಿಲ್ಲ. ಅವತ್ತು ರಾತ್ರಿ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಮಲಗೋ ಮುಂಚೆ ಒಂದೇ ಮಾತು ಅಂದ: ‘ನಾ ನಾಕ ದಿನಕ್ಕ ಹೋಗಾಂವ. ನೀ ಇಲ್ಲೆ ಇರಾಂವ.’

ಮೂರನೇ ದಿನ ನಮ್ಮ ಶೂ ರ್‍ಯಾಕಿನ ಪಕ್ಕ ನೆಲದ ಮೇಲೆ ಒಂದು ಹಳೇ ಆಫೀಸ್ ಬ್ಯಾಗು ಇತ್ತು. ಹಿಡಿಕೆ ಕಿತ್ತಿತ್ತು. ಅವರ ಮನೆಗೆಲಸದವಳು ಹೇಳಿ ಹೋದಳಂತೆ, ‘ಹೊಲಿದು ಕೊಡ್ತಾರಾ ಕೇಳಬೇಕಂತೆ.’ ನನ್ನ ಹೆಂಡತಿ ಸಿಟ್ಟಲ್ಲಿ ನಡುಗ್ತಿದ್ದಳು. ಬೆಲ್ ಮಾಡಿ ಕೈಗೆ ಕೊಡೋಕೆ ಏನಾಗಿತ್ತು, ಚಪ್ಪಲಿ ಹತ್ತಿರ ಯಾಕೆ ಇಟ್ಟರು, ಈಗಲೇ ತಗೊಂಡು ಹೋಗಿ ಅವರ ಬಾಗಿಲಿಗೆ ಎಸೆದು ಬರ್ತೀನಿ ಅಂತ. ಅವರು ಬೇಕಂತ ಹಾಗೆ ಮಾಡಿದ್ದಾರೋ, ಬೆಳಿಗ್ಗೆ ನಾವು ಎದ್ದಿರಲ್ಲ ಅಂತ ಇಟ್ಟರೋ, ನನಗೆ ಇವತ್ತಿಗೂ ತೀರ್ಮಾನ ಮಾಡೋಕಾಗಿಲ್ಲ.

ಅಪ್ಪ ಬ್ಯಾಗನ್ನ ಒಳಗೆ ತಂದ. ತಿರುಗಿಸಿ ತಿರುಗಿಸಿ ನೋಡಿದ. ‘ಹಿಡಿಕಿ ತೊಗಲ. ಮೈ ರೆಕ್ಸಿನ್. ಹಿಡಿಕಿ ಹೊಲೀತೀನಿ. ಮೈ ನನ್ನ ಕೆಲಸ ಅಲ್ಲ. ಅರವತ್ತು ರೂಪಾಯಿ ಆಗ್ತೈತಿ ಅಂತ ಹೇಳ್ರಿ.’ ‘ಮಾವಾ, ಬೇಡ’ ಅಂದಳು ಇವಳು. ‘ಯಾಕ್ ಬ್ಯಾಡ? ಕೆಲಸ ತಂದಾರ, ಪುಕ್ಕಟ ಏನ್ ಮಾಡೂದಿಲ್ಲಲ್ಲ.’ ಕಣ್ಣು ಮಂಜಿದ್ರೂ ಬೆರಳು ತಡವರಿಸಲಿಲ್ಲ. ಆರಿ ಚುಚ್ಚಿ, ಎರಡು ಸೂಜಿ ಎರಡು ಕಡೆಯಿಂದ ಒಂದೇ ತೂತಿನಲ್ಲಿ ಹಾಯಿಸಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿದ.

ಸಂಜೆ ಅವರೇ ಬಂದ್ರು. ಅಪ್ಪ ಬ್ಯಾಗನ್ನ ನೆಲದ ಮೇಲೆ ಇಡಲಿಲ್ಲ, ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಅವರು ತಗೊಂಡು, ಎಳೆದು ನೋಡಿ, ‘ಭೇಷ್’ ಅಂತ ಜೇಬಿಂದ ನೂರರ ನೋಟು ತೆಗೆದು ಟೀಪಾಯಿ ಮೇಲೆ ಇಡೋಕೆ ಹೋದ್ರು.

‘ಕೈಯಾಗ ಕೊಡ್ರಿ’ ಅಂದ ಅಪ್ಪ, ಅಂಗೈ ಚಾಚಿ.

ಅವರು ಒಂದು ಕ್ಷಣ ನಿಂತ್ರು. ಆಮೇಲೆ ಕೈಯಲ್ಲೇ ಇಟ್ಟರು. ಅಪ್ಪ ಒಳಗೆ ಹೋಗಿ ನಲವತ್ತು ರೂಪಾಯಿ ಚಿಲ್ಲರೆ ತಂದು ಅವರ ಕೈಯಲ್ಲಿ ಇಟ್ಟ. ಅವರು ಬೇಡ ಬೇಡ ಅಂದ್ರೂ ಬಿಡಲಿಲ್ಲ.

ಮುಂದಿನ ವಾರ ಅಥಣಿ ಬಸ್ಸು ಹತ್ತಿಸಿ ಬಂದೆ. ಸೋಫಾ ಮೇಲೆ ಕೊನೆವರೆಗೂ ಕೂರಲಿಲ್ಲ. ಹೋಗೋ ದಿನ ತೇಪೆ ಹಾಕಿದ ಜಾಗಕ್ಕೆ ಮೊಣಕಾಲು ಊರಿ, ಇಡೀ ಭಾರ ಬಿಟ್ಟು, ಒಮ್ಮೆ ಒತ್ತಿ ನೋಡಿದ. ರಂಪಿಗೆ ಬ್ಯಾಗಿಗೆ ಹೋಗಲಿಲ್ಲ, ನಮ್ಮ ಟೀವಿ ಸ್ಟ್ಯಾಂಡಿನ ಡ್ರಾಯರಲ್ಲಿ ಉಳೀತು.

ಇನ್ನು ಆರೈಕೆ. ನೇರ ಬಿಸಿಲು ಬೀಳೋ ಕಿಟಕಿಯಿಂದ ದೂರ ಇಡಿ. ವಾರಕ್ಕೊಮ್ಮೆ ಒಣಬಟ್ಟೆ, ಆರು ತಿಂಗಳಿಗೊಮ್ಮೆ ಕ್ಲೀನರ್, ಆಮೇಲೆ ತೆಳುವಾಗಿ ಕಂಡೀಷನರ್. ಮಳೆಗಾಲದಲ್ಲಿ ಗೋಡೆಗೆ ಅಂಟಿಸಿ ಇಡಬೇಡಿ, ಹಿಂದೆ ಗಾಳಿ ಆಡಲಿ; ಬಿಳಿ ಬೂಷ್ಟು ಕಂಡರೆ ಬಾಲ್ಕನಿಗೆ ಎಳೆದು ಬ್ರಷ್ಷಿನಲ್ಲಿ ಕೊಡವಿ, ಮನೆ ಒಳಗೆ ಕೊಡವಿದ್ರೆ ಅದು ಇನ್ನೊಂದು ಕಡೆ ಹೋಗಿ ಕೂರುತ್ತೆ. ನಮ್ಮದಕ್ಕೆ ಈಗ ಒಂದೂವರೆ ವರ್ಷ ಆಯ್ತು. ಅಪ್ಪ ಫೋನ್ ಮಾಡಿದಾಗೆಲ್ಲ ಮೊದಲು ಮೊಮ್ಮಗಳನ್ನ ಕೇಳ್ತಾನೆ, ಆಮೇಲೆ ಕೆಲಸ ಹೆಂಗೈತಿ ಅಂತಾನೆ, ಮೂರನೆಯದಾಗಿ ತೇಪೆಯ ವಿಚಾರ. ಹೋದ ವಾರವೂ ಕೇಳಿದ, ಬಿಟ್ಟೈತೇನು ಅಂತ. ಇಲ್ಲಪಾ, ಗಟ್ಟಿ ಐತಿ ಅಂದೆ. ‘ಎಣ್ಣಿ ತಲಿ ಇಟ್ಕೊಂಡು ಯಾರೂ ಒರಗಬ್ಯಾಡ್ರಿ ಮತ್ತ’ ಅಂದು ಫೋನಿಟ್ಟ.